ಗುಜರಿ ಚಿಮಣಿ ಹಾಕಿ ಲೇಸರ್ ಹೊಗೆ ಓಡಿಸಿದ್ದು: ನನ್ನ ಅನುಭವ

ಲೇಸರ್ ಕಟಿಂಗ್ ಮಷೀನಿನ ಹೊಗೆಗೆ ಹಳೇ ಅಡುಗೆಮನೆ ಚಿಮಣಿ ಸಾಕು ಅಂತ ನಾನು ಹೇಳಿದಾಗ ಒಬ್ಬರೂ ಒಪ್ಪಲಿಲ್ಲ. "ಸರ್, ಅದು ಒಗ್ಗರಣೆ ಹೊಗೆಗೆ ಮಾಡಿದ್ದು, ನಿಮ್ಮ ಎಂಡಿಎಫ್ ಹೊಗೆಗೆಲ್ಲ ತಡೆಯಲ್ಲ" ಅಂದರು ಎಲೆಕ್ಟ್ರಿಷಿಯನ್. ಎಂಡಿಎಫ್ ಅಂದರೆ ಮರದ ನಾರಿಗೆ ಅಂಟು ಸೇರಿಸಿ ಒತ್ತಿ ಮಾಡಿದ ಹಲಗೆ. ಇದೇ ಕೆಲಸದಲ್ಲಿರುವ ಗೆಳೆಯ "ಸುಮ್ನೆ ನಲವತ್ತು ಸಾವಿರ ಬಿಸಾಕಿ ಹೊಗೆ ಎಳೆಯೋ ಎಕ್ಸ್‌ಟ್ರಾಕ್ಟರ್ ತಗೋ ಮಾರಾಯ" ಅಂದ. ಈಗ ಒಂದು ಹಬ್ಬದ ಸೀಸನ್ನು, ಒಂದು ಮಳೆಗಾಲ ಎರಡೂ ದಾಟಿ ಬಂದಿದೆ. ಚಿಮಣಿ ಓಡ್ತಾನೇ ಇದೆ. ಆ ಗೆಳೆಯನೇ ಮೊನ್ನೆ ಬಂದು ಅಳತೆ ಬರ್ಕೊಂಡು ಹೋದ.

ನನ್ನದು ಬೆಂಗಳೂರಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ, ಮೇಲೆ ಟೆರೇಸು. ಮಷೀನು 20 ವ್ಯಾಟಿನ ಡಯೋಡ್ ಲೇಸರ್, ಕೊರೆಯೋ ಬೆಡ್ಡು 400 ಎಂಎಂ ಚೌಕ. ರಂಗೋಲಿ ಅಚ್ಚು, ಮನೆ ಹೆಸರಿನ ಬೋರ್ಡು, ಮದುವೆ ರಿಟರ್ನ್ ಗಿಫ್ಟು, ಇವೇ ಜಾಸ್ತಿ. ಮುಕ್ಕಾಲು ಪಾಲು ಕೆಲಸ 3 ಎಂಎಂ ಎಂಡಿಎಫ್‌ನಲ್ಲಿ. ಎಂಡಿಎಫ್ ಹೊಗೆ ಅಂದರೆ ಬರೀ ಮರದ ಹೊಗೆ ಅಲ್ಲ, ಒಳಗಿನ ಅಂಟು ಸುಟ್ಟು ಫಾರ್ಮಾಲ್ಡಿಹೈಡ್ ಬರುತ್ತೆ. ಕಣ್ಣು ಉರಿಯೋದು ಅದಕ್ಕೇ. ಮನೆಯಲ್ಲಿ ಮಕ್ಕಳಿದ್ದಾರೆ, ವಯಸ್ಸಾದವರಿದ್ದಾರೆ. ಹಾಗಾಗಿ ಇದನ್ನ ಅರೆಬರೆ ಮಾಡಿ ಬಿಡೋ ಮಾತೇ ಇರಲಿಲ್ಲ.

ಮೊದಲು ಏನೇನು ಕೈ ಕೊಟ್ಟಿತು ಅಂತ ಹೇಳ್ತೀನಿ, ಅದೇ ಹಾದಿಯಲ್ಲಿ ಈಗಲೂ ಬಹಳ ಜನ ದುಡ್ಡು ಹಾಕ್ತಿದ್ದಾರೆ. ಎಸ್.ಪಿ. ರೋಡಿನಿಂದ ತಂದ 120 ಎಂಎಂ ಕಂಪ್ಯೂಟರ್ ಫ್ಯಾನುಗಳನ್ನ ಮಷೀನು ಮುಚ್ಚಿರೋ ಡಬ್ಬದ ಹಿಂದೆ ಸಾಲಾಗಿ ಕೂರಿಸಿದೆ. ಒಂಬೈನೂರು, ಸಾವಿರ ಆಯ್ತು. ಪೈಪು ಹಾಕದೆ ಇದ್ದಾಗ ಜೋರಾಗೇ ಗಾಳಿ ಬಿಡ್ತಿದ್ದವು. ಪೈಪು ಹಾಕಿದ ಕೂಡಲೇ ಸುಸ್ತಾದವು, ಹೊಗೆ ಡಬ್ಬದ ಬಾಗಿಲ ಸಂದಿಯಿಂದಲೇ ಬಂತು. ಆಮೇಲೆ ಬಾತ್‌ರೂಮಿಗೆ ಹಾಕೋ ಆರಿಂಚಿನ ಎಕ್ಸಾಸ್ಟ್ ಫ್ಯಾನು ತಂದು ಅಲ್ಯೂಮಿನಿಯಂ ಫಾಯಿಲ್ ಪೈಪು ಜೋಡಿಸಿದೆ. ಅದೂ ಅದೇ ಕತೆ. ಮೂರನೆಯದು ಪೈಪಿನ ನಡುವೆಯೇ ಕೂರೋ ನಾಲ್ಕಿಂಚಿನ ಇನ್‌ಲೈನ್ ಫ್ಯಾನು, ಎರಡು ಸಾವಿರದ ಮೇಲೆ. ಇದು ಶುರುವಿನಲ್ಲಿ ಚೆನ್ನಾಗೇ ಎಳೀತು. ರಂಗೋಲಿ ಅಚ್ಚಿನ ದೊಡ್ಡ ಆರ್ಡರ್ ಬಂದು ದಿನವಿಡೀ ಓಡಿಸಿದ ಮೇಲೆ ರೆಕ್ಕೆಗೆ ಹೊಗೆಯ ಜಿಗಟು ಟಾರು ಹತ್ತಿ, ಬೆಲ್ಲದ ಪಾಕದ ಹಾಗೆ ಅಂಟಿಕೊಂಡು, ಬ್ಯಾಲೆನ್ಸ್ ತಪ್ಪಿ ಗುರ್ರ್ ಅನ್ನೋಕೆ ಶುರು ಮಾಡಿತು. ಫಾಯಿಲ್ ಪೈಪಿನ ಮಡಿಕೆ ಮಡಿಕೆಯಲ್ಲೂ ಅದೇ ಟಾರು. ಎಲ್ಲ ಸೇರಿ ಏಳೆಂಟು ಸಾವಿರ ಹೋಯ್ತು.

ಇಲ್ಲಿಗೆ ಬಂದಾಗ ನಾನು ಫ್ಯಾನ್ ಕೊಳ್ಳೋದು ನಿಲ್ಲಿಸಿ ಅಳೆಯೋಕೆ ಕೂತೆ. ಗಾರೆ ಮೇಸ್ತ್ರಿಗಳು ಮಟ್ಟ ನೋಡೋ ಲೆವೆಲ್ ಪೈಪು ಇದೆಯಲ್ಲ, ಅದೇ ನನ್ನ ಮೀಟರು. ಒಂದು ಹಲಗೆಗೆ ಪೈಪನ್ನ 'ಯು' ಆಕಾರದಲ್ಲಿ ಬಡಿದು, ಅರ್ಧದವರೆಗೆ ಕುಂಕುಮ ಕದಡಿದ ನೀರು ತುಂಬಿದೆ. ಒಂದು ತುದಿ ಡಕ್ಟಿನೊಳಗೆ, ಅಂದರೆ ಹೊಗೆ ಪೈಪಿನೊಳಗೆ, ಇನ್ನೊಂದು ಹೊರಗೆ. ಎರಡೂ ಕಡೆ ನೀರಿನ ಎತ್ತರದಲ್ಲಿ ಎಷ್ಟು ವ್ಯತ್ಯಾಸ ಅಂತ ಸ್ಕೇಲ್ ಹಿಡಿದು ನೋಡೋದು, ಅಷ್ಟೇ. ಡಕ್ಟಿನ ಬಾಯಿ ಪೂರ್ತಿ ಮುಚ್ಚಿ ನೋಡಿದರೆ ಬಾತ್‌ರೂಮ್ ಫ್ಯಾನು ಕಷ್ಟಪಟ್ಟು ಮೂರು ಎಂಎಂ ಎಳೀತು. ಇನ್‌ಲೈನ್ ಫ್ಯಾನು ಹತ್ತು ಹನ್ನೆರಡು. ಫ್ಯಾನಿನ ಪ್ಯಾಕಿನ ಮೇಲೆ ಬರೆದಿರೋ ಸಿಎಫ್ಎಂ (ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ) ನಂಬಿ ಕೊಳ್ಳಬೇಡಿ, ಅದು ಎದುರಿಗೆ ಏನೂ ಅಡ್ಡ ಇಲ್ಲದಾಗಿನ ಲೆಕ್ಕ. ನಮಗೆ ಪೈಪು, ಬೆಂಡು, ಸಂದಿ ಎಲ್ಲ ದಾಟಿ ಎಳೆಯೋ ಶಕ್ತಿ ಬೇಕು.

ಆ ಶಕ್ತಿ ಯಾವುದರಲ್ಲಿದೆ ಅಂದರೆ ಅಳಿಲಿನ ಪಂಜರದ ಥರ ಇರೋ ಬ್ಲೋವರ್‌ನಲ್ಲಿ. ಅದು ಹೊಸದು ಕೊಳ್ಳೋಕೆ ಹೋದರೆ ದುಬಾರಿ. ಆದರೆ ಹೆಚ್ಚುಕಡಿಮೆ ಪ್ರತಿ ಅಡುಗೆಮನೆ ಚಿಮಣಿಯೊಳಗೂ ಒಂದು ಇದೆ! ಬೆಂಗಳೂರಲ್ಲಿ ಇಂಟೀರಿಯರ್ ಬದಲಾಯಿಸಿದಾಗೆಲ್ಲ ಹಳೇ ಚಿಮಣಿ ನೇರ ಗುಜರಿಗೆ ಹೋಗುತ್ತೆ. ಎಷ್ಟೋ ಸಲ ಮೋಟರು ಗಟ್ಟಿಯಾಗೇ ಇರುತ್ತೆ, ಕೈ ಬೀಸಿದರೆ ಆನ್ ಆಗೋ ಆ ಪ್ಯಾನೆಲ್ ಮಾತ್ರ ಸತ್ತಿರುತ್ತೆ. ನನಗೆ ಸಿಕ್ಕಿದ್ದೂ ಅಂಥದ್ದೇ. ಸಾವಿರದ ಇನ್ನೂರು ಕೇಳಿದರು, ಚೌಕಾಸಿ ಮಾಡಿ ಒಂಬೈನೂರಕ್ಕೆ ತಂದೆ. ಅದೇ ಲೆವೆಲ್ ಪೈಪು ಹಿಡಿದರೆ ಹೈ ಸ್ಪೀಡಿನಲ್ಲಿ 25 ಎಂಎಂ ದಾಟಿತು. ಆವತ್ತೇ ಗೊತ್ತಾಯ್ತು, ಇದೇ ಸರಿ ಅಂತ.

ಬ್ಲೋವರನ್ನ ಬಿಚ್ಚಿ ತೆಗೆಯೋ ಗೋಜಿಗೆ ಹೋಗಬೇಡಿ. ಚಿಮಣಿಯ ತಗಡಿನ ಮೈ ಹಾಗೇ ಇರಲಿ, ಅದೇ ಒಳ್ಳೇ ಗಾಳಿಪೆಟ್ಟಿಗೆ. ಕೆಳಗಿನ ಜಾಲರಿ ಫಿಲ್ಟರ್ ತೆಗೆದು ಆ ಬಾಯಿಗೆ ದಪ್ಪ ಅಲ್ಯೂಮಿನಿಯಂ ಶೀಟು ಮುಚ್ಚಿ, ನಡುವೆ ಪೈಪು ಸಿಕ್ಕಿಸೋ ಆರಿಂಚಿನ ಕಾಲರ್ ಕೂರಿಸಿದೆ. ಸುತ್ತ ಸಿಲಿಕೋನ್, ಅದರ ಮೇಲೆ ಅಲ್ಯೂಮಿನಿಯಂ ಟೇಪು. ಎಲ್ಲ ಮುಗೀತು ಅಂದುಕೊಂಡು ಊದುಬತ್ತಿ ಹಚ್ಚಿ ಸುತ್ತ ಹಿಡಿದರೆ, ಲೈಟ್ ಕೂರಿಸೋ ತೂತಿನ ಹತ್ತಿರ ಹೊಗೆ ಸುಯ್ ಅಂತ ಒಳಗೆ ಹೋಯ್ತು. ಬಟನ್ನಿನ ತೂತಲ್ಲೂ ಅಷ್ಟೇ. ಇವನ್ನ ಮುಚ್ಚದೆ ಬಿಟ್ಟರೆ ಎಳೆತದಲ್ಲಿ ಒಳ್ಳೇ ಪಾಲು ಅಲ್ಲೇ ಪೋಲು. ಸತ್ತ ಪ್ಯಾನೆಲ್ ಕಿತ್ತು ಹಾಕಿ ಮೋಟರಿನ ಮೂರು ಸ್ಪೀಡಿನ ವೈರನ್ನ ಮಲ್ಟಿಮೀಟರ್ ಹಿಡಿದು ಗುರುತಿಸಿ ಒಂದು ರೋಟರಿ ಸ್ವಿಚ್ಚಿಗೆ ತಂದೆ. ಕೆಪಾಸಿಟರ್ ಇದ್ದ ಹಾಗೇ ಬಿಟ್ಟೆ. ಚಿಮಣಿಯ ತಗಡಿನ ಮೈಗೆ ಅರ್ಥಿಂಗ್ ಮರೀಬೇಡಿ.

ಬ್ಲೋವರನ್ನ ಮಷೀನಿನ ಪಕ್ಕ ಇಡಲೇಬೇಡಿ. ನನ್ನದು ಯುಟಿಲಿಟಿಯಲ್ಲಿ, ಹೊರಗೋಡೆಯ ಮೇಲೆ ಇದೆ. ಫ್ಯಾನು ಕೊನೆಯಲ್ಲಿದ್ದರೆ ಮನೆಯೊಳಗಿನ ಪೈಪೆಲ್ಲ ಎಳೆತದಲ್ಲಿರುತ್ತೆ. ಎಲ್ಲಾದರೂ ಸಂದಿ ಬಿಟ್ಟರೂ ರೂಮಿನ ಗಾಳಿ ಪೈಪಿಗೆ ಹೋಗುತ್ತೆ, ಹೊಗೆ ರೂಮಿಗೆ ಬರಲ್ಲ. ಪೈಪನ್ನ ನಮ್ಮ ಏರಿಯಾದ ತಗಡಿನ ಕೆಲಸದವರ ಹತ್ತಿರ ಜಿಐ (ಸತು ಲೇಪಿಸಿದ ಕಬ್ಬಿಣ) ಶೀಟಿನಲ್ಲಿ ಸುತ್ತಿಸಿದೆ. ಎಲ್ಲ ಸೇರಿ ಎರಡೂವರೆ ಸಾವಿರದ ಆಸುಪಾಸು. ಪಿವಿಸಿ ಪೈಪು ಅಗ್ಗ, ಒಳಗೆ ನುಣುಪು, ನಿಜ. ಆದರೆ ಟಾರು ಬೆಂಕಿ ಹತ್ತಿಕೊಳ್ಳೋ ವಸ್ತು, ಎಲ್ಲಿಂದಲೋ ಒಂದು ಕಿಡಿ ಹೋದರೆ ಪಿವಿಸಿ ಕರಗಿ ಕೂರುತ್ತೆ. ತಿರುವಿನಲ್ಲಿ ಒಂದೇ 90 ಡಿಗ್ರಿಯ ಎಲ್ಬೋ ಬೇಡ, 45 ಡಿಗ್ರಿಯ ಎರಡು ತುಂಡು ಹಾಕಿಸಿ. ಆರಿಂಚು ಯಾಕೆ, ನಾಲ್ಕಿಂಚು ಸಾಲದಾ ಅಂತ ಕೇಳ್ತಾರೆ. ಆರಿಂಚಿನ ಪೈಪಿನ ಬಾಯಿ ನಾಲ್ಕಿಂಚಿನದಕ್ಕಿಂತ ಎರಡೂಕಾಲು ಪಟ್ಟು ದೊಡ್ಡದು, ಲೆಕ್ಕ ಹಾಕಿ ನೋಡಿ.

ಟೆರೇಸಿನ ತುದಿಗೆ ಚೀನಿ ಟೋಪಿ ಥರದ ಮುಚ್ಚಳ ಹಾಕಿಸಿದ್ದೆ. ಅದು ಹೊಗೆಯನ್ನ ಕೆಳಗೇ ತಳ್ಳಿತು. ಪಕ್ಕದ ಮನೆಯ ಆಂಟಿ ಒಣಗಿಸಿದ್ದ ಸಂಡಿಗೆಗೆಲ್ಲ ಸುಟ್ಟ ವಾಸನೆ. ಅವರು ಬೈದದ್ದು ನ್ಯಾಯವೇ. ಮುಚ್ಚಳ ತೆಗೆಸಿ, ಆರಿಂಚಿನ ಪೈಪಿನ ಸುತ್ತ ಏಳಿಂಚಿನ ಇನ್ನೊಂದು ಕೊಳವೆಯನ್ನ ಎರಡಡಿ ಎತ್ತರಕ್ಕೆ ನಿಲ್ಲಿಸಿದೆ. ನಡುವೆ ಸುತ್ತಲೂ ಅರ್ಧ ಇಂಚು ಜಾಗ. ಮಳೆ ಸಾಮಾನ್ಯವಾಗಿ ಓರೆಯಾಗೇ ಬೀಳುತ್ತೆ. ಹೊರಕೊಳವೆಯ ಗೋಡೆಗೆ ಬಡಿದು ಆ ಸಂದಿಯಿಂದ ಕೆಳಗೆ ಸುರಿದು ಹೋಗುತ್ತೆ. ಹೊಗೆ ಮಾತ್ರ ನೇರ ಮೇಲಕ್ಕೆ. ತಗಡಿನ ಅಂಗಡಿಯವರು "ಬಾಯಿ ತೆರೆದಿಟ್ಟರೆ ನೀರು ಒಳಗೆ ಬರಲ್ವಾ?" ಅಂತ ನಕ್ಕರು. ನೇರ ಸುರಿಯೋ ಜಡಿಮಳೆಗೆ ಸ್ವಲ್ಪ ಬರುತ್ತೆ, ಅದಕ್ಕೆ ಬುಡದಲ್ಲಿ 'T' ಆಕಾರದ ಒಂದು ಪೈಪ್ ತುಂಡು ಮಾಡಿಸಿ ಪುಟ್ಟ ತೂತು ಬಿಟ್ಟಿದ್ದೀನಿ. ಸೊಳ್ಳೆ ಜಾಲರಿ ಹಾಕಬೇಡಿ, ಟಾರಿನಿಂದ ಬೇಗ ಕಟ್ಟಿಕೊಳ್ಳುತ್ತೆ. ಪಾರಿವಾಳ ತಡೆಯೋಕೆ ಅರ್ಧ ಇಂಚಿನ ಕಣ್ಣಿನ ಜಾಲರಿ ಸಾಕು.

ಇನ್ನೊಂದು ವಿಷಯ, ದಯವಿಟ್ಟು ಗಮನ ಇಟ್ಟು ಓದಿ. ಇಷ್ಟು ಜೋರಾಗಿ ಎಳೆಯೋ ಬ್ಲೋವರ್ ಮನೆಯ ಗಾಳಿಯನ್ನೂ ಎಳೆಯುತ್ತೆ. ಮನೆ ಪೂರ್ತಿ ಮುಚ್ಚಿದ್ದು, ಬಾತ್‌ರೂಮಲ್ಲಿ ಗ್ಯಾಸ್ ಗೀಸರ್ ಉರಿಯುತ್ತಿದ್ದರೆ ಅದರ ಹೊಗೆ ಹೊರಗೆ ಹೋಗದೆ ಮನೆಯೊಳಗೇ ತಿರುಗಬಹುದು. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತೆ. ವಾಸನೆ ಇಲ್ಲ, ಗೊತ್ತೂ ಆಗಲ್ಲ, ಪ್ರಾಣಕ್ಕೇ ಕುತ್ತು. ನಮ್ಮ ಮನೆಯಲ್ಲಿ ಗೀಸರ್ ಹಾಕಿದಾಗ ಲೇಸರ್ ಬಂದ್. ಉಳಿದ ಹೊತ್ತಲ್ಲೂ ಎದುರು ದಿಕ್ಕಿನ ಕಿಟಕಿ ಒಂದು ಗೇಣು ತೆರೆದೇ ಇರಬೇಕು. ತೆರೆದರೆ ಎಳೆತವೂ ಜಾಸ್ತಿ.

ಡಬ್ಬದೊಳಗೆ ಗಾಳಿ ಹೇಗೆ ಓಡಬೇಕು ಅನ್ನೋದು ಅರ್ಧ ಕೆಲಸ. ಆರಿಂಚಿನ ಪೈಪಿನ ಬಾಯಿ ಸುಮಾರು 28 ಚದರ ಇಂಚು. ಮುಂದುಗಡೆ ಬೆಡ್ಡಿನ ಮಟ್ಟದಲ್ಲಿ 20 ಇಂಚು ಉದ್ದ, ಒಂದೂವರೆ ಇಂಚಿಗೆ ಸ್ವಲ್ಪ ಕಡಿಮೆ ಅಗಲದ ಸೀಳು ಬಿಟ್ಟೆ, ಅಲ್ಲಿಗೆ ಗಾಳಿ ಬರೋ ಬಾಯಿ, ಹೋಗೋ ಬಾಯಿ ಎರಡೂ ಸರಿಸಮ ಆಯ್ತು. ಹೊಗೆ ಮೇಲೇಳೋ ಮೊದಲೇ ಗಾಳಿ ಅದನ್ನ ಬೆಡ್ಡಿನ ಮೇಲೆ ಗುಡಿಸಿಕೊಂಡು ಹಿಂದಕ್ಕೆ ಒಯ್ಯುತ್ತೆ. ಆ ಸೀಳಿನ ಅಂಚಿಗೆ ನಾನು ಕೊಟ್ಟಿರೋ ಆಕಾರ ಮಾತ್ರ ಇಲ್ಲಿ ಹೇಳಲ್ಲ, ಅದಕ್ಕೆ ಬಹಳ ಒದ್ದಾಡಿದ್ದೀನಿ. ಬ್ಲೋವರಿನ ರೆಕ್ಕೆಗೆ ಟಾರು ಹತ್ತದಂತೆ ಏನು ಬಳೀತೀನಿ ಅನ್ನೋದೂ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಲಗ್ನಪತ್ರಿಕೆ ಕಾಗದ ಕೊರೆಯುವಾಗ ಲೋ ಸ್ಪೀಡು ಹಾಕಿ, ಇಲ್ಲದಿದ್ದರೆ ಹಾಳೆಯೇ ಎದ್ದು ಹೋಗುತ್ತೆ.

ನಡುವೆ ಹೊಗೆಯನ್ನ ಶುದ್ಧ ಮಾಡಿಯೇ ಬಿಡೋಣ ಅಂತ ಎರಡು ಪ್ರಯೋಗ ಮಾಡಿದೆ. ಒಂದು, ತೆಂಗಿನ ಚಿಪ್ಪಿನ ಆ್ಯಕ್ಟಿವೇಟೆಡ್ ಕಾರ್ಬನ್. ವಾಟರ್ ಫಿಲ್ಟರ್ ಅಂಗಡಿಯಲ್ಲಿ ಮೂಟೆ ಸಿಗುತ್ತೆ. ವಾಸನೆ ನಿಜವಾಗಲೂ ಹೋಯ್ತು! ಆದರೆ ಟಾರು ಕಾಳಿನ ಮೇಲೆ ಪದರ ಕಟ್ಟಿ ಕೆಲವೇ ದಿನಕ್ಕೆ ಗಾಳಿ ನಿಂತಿತು. ಕಾರ್ಬನ್ನಿಗೆ ಮುಂಚೆ ಟಾರು ಹಿಡಿಯೋ ದಪ್ಪ ಫಿಲ್ಟರ್ ಬೇಕೇ ಬೇಕು, ಅದರ ಖರ್ಚು ತಿಂಗಳು ತಿಂಗಳು. ಇನ್ನೊಂದು, ಹೊಗೆಯನ್ನ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ ತೆಗೆಯೋದು. ಎರಡಿಂಚು ನೀರು ಅಂದರೆ 50 ಎಂಎಂ ಒತ್ತಡ. 25 ಎಳೆಯೋ ಬ್ಲೋವರ್ ಅದನ್ನ ದಾಟಲ್ಲ. ಲೆವೆಲ್ ಪೈಪಿನ ಲೆಕ್ಕ ಮೊದಲೇ ಹೇಳಿತ್ತು, ಆದರೂ ಕಣ್ಣಾರೆ ನೋಡಬೇಕಿತ್ತು.

ಈಗಿನ ಚಿಮಣಿ ಏರ್ಪಾಡಿಗೆ ಎಲ್ಲ ಸೇರಿ ಖರ್ಚು ಆರು ಸಾವಿರದೊಳಗೆ. ಲಾಭ ಮೂಗಿಗಷ್ಟೇ ಅಲ್ಲ. ಹೊಗೆ ಬೆಳಕಿಗೆ ಅಡ್ಡ ನಿಂತು ಲೇಸರಿನ ಶಕ್ತಿ ತಿಂತಿತ್ತು. ಎರಡು ಪಾಸ್ (ಲೇಸರ್ ಅದೇ ಗೆರೆಯ ಮೇಲೆ ಎರಡು ಸಲ ಓಡೋದು) ಬೇಕಾಗಿದ್ದ 3 ಎಂಎಂ ಎಂಡಿಎಫ್ ಈಗ ಏರ್ ಅಸಿಸ್ಟ್, ಅಂದರೆ ಕೊರೆಯೋ ಜಾಗಕ್ಕೆ ಊದೋ ಗಾಳಿಯ ಜೊತೆ ಒಂದೇ ಪಾಸಿಗೆ ಬೀಳುತ್ತೆ. ಪ್ರತಿ ಶೀಟಿಗೂ ಒರೆಸ್ತಿದ್ದ ಲೆನ್ಸಿನ ಗಾಜನ್ನ ವಾರಕ್ಕೊಮ್ಮೆ ಒರೆಸಿದರೆ ಸಾಕು. ಗೌರಿ ಗಣೇಶ ಹಬ್ಬದ ಹೊತ್ತಿಗೆ ದಿನಕ್ಕೆ ಹೆಚ್ಚುಕಡಿಮೆ ಎರಡರಷ್ಟು ಅಚ್ಚು ಹೊರಗೆ ಬಂದವು. ಹಾಕಿದ ದುಡ್ಡು ಆ ಸೀಸನ್ನಲ್ಲೇ ವಾಪಸ್. ತಿಂಗಳಿಗೊಮ್ಮೆ ಪೈಪು ಬಿಚ್ಚಿ ಟಾರು ಕೆರೆದು ತೆಗೀತೀನಿ, ಇದು ತಪ್ಪಿಸೋ ಹಾಗಿಲ್ಲ, ಬೆಂಕಿಯ ವಿಷಯ. ಚಿಮಣಿಯ ಎಣ್ಣೆ ಬಟ್ಟಲಿದೆಯಲ್ಲ, ಅದರಲ್ಲೂ ಕಂದು ದ್ರವ ತುಂಬಿರುತ್ತೆ.

ಎಕ್ಸಾಸ್ಟ್ ಚೆನ್ನಾಗಿದೆ ಅಂತ ಸನ್‌ಬೋರ್ಡು, ರೆಕ್ಸಿನ್ನು ಮಾತ್ರ ಕೊರೆಯೋಕೆ ಹೋಗಬೇಡಿ. ಅವುಗಳಲ್ಲಿ ಸಾಮಾನ್ಯವಾಗಿ ಪಿವಿಸಿ ಇರುತ್ತೆ. ಪಿವಿಸಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಬರುತ್ತೆ, ಶ್ವಾಸಕೋಶಕ್ಕೂ ಕೆಟ್ಟದ್ದು, ಮಷೀನಿನ ರೈಲು ಮತ್ತು ತಗಡಿನ ಪೈಪೂ ತುಕ್ಕು ಹಿಡಿಯುತ್ತೆ. ಗಿರಾಕಿ ತಂದ ಪ್ಲಾಸ್ಟಿಕ್ ಯಾವುದು ಅಂತ ಅನುಮಾನ ಬಂದರೆ, ತಾಮ್ರದ ತಂತಿ ಕೆಂಪಗೆ ಕಾಯಿಸಿ ಪ್ಲಾಸ್ಟಿಕ್ಕಿಗೆ ಮುಟ್ಟಿಸಿ ಮತ್ತೆ ಬೆಂಕಿಗೆ ಹಿಡೀರಿ, ಗಾಳಿ ಆಡೋ ಕಡೆ ನಿಂತು. ಹಸಿರು ಜ್ವಾಲೆ ಬಂದರೆ ವಾಪಸ್ ಕೊಟ್ಟು ಕಳಿಸಿ.

ಗುಜರಿಯಲ್ಲಿ ಚಿಮಣಿ ನೋಡುವಾಗ ರೆಕ್ಕೆಯನ್ನ ಬೆರಳಲ್ಲಿ ತಿರುಗಿಸಿ ನೋಡಿ, ಸದ್ದಿಲ್ಲದೆ ಒಂದಷ್ಟು ಸುತ್ತು ತಿರುಗಬೇಕು. ಮೋಟರು ಮುಚ್ಚಿದ ಥರದ್ದೇ ಇರಲಿ, ಸುರುಳಿ ಕಾಣೋದು ಬೇಡ. ಬಿಎಲ್‌ಡಿಸಿ (ಬ್ರಶ್ ಇಲ್ಲದ ಡಿಸಿ ಮೋಟರು) ಅಂತ ಬರೆದಿದ್ದರೆ ಬಿಟ್ಟುಬಿಡಿ, ಅದಕ್ಕೆ ಅದರದ್ದೇ ಬೋರ್ಡು ಬೇಕು. ಬೋರ್ಡು ಸತ್ತಿದ್ದರೆ ಮೋಟರನ್ನ ಹೀಗೆ ಸ್ವಿಚ್ಚಿಗೆ ತರೋಕೆ ಆಗಲ್ಲ. ಒಂಬೈನೂರರಿಂದ ಸಾವಿರದೈನೂರರೊಳಗೆ ಸಿಗುತ್ತೆ. ಅದಕ್ಕಿಂತ ಜಾಸ್ತಿ ಕೊಡಬೇಡಿ.