ಕುದುರೆ ಎಲ್ಲಿಗೆ ಹೋಗಲಾರದು ಅಂತ ನೋಡೋದು

ಎರಡು ಮನೆ ನೇರ, ಒಂದು ಮನೆ ಪಕ್ಕಕ್ಕೆ, ನಡುವೆ ಯಾರಿದ್ದರೂ ಹಾರಿ ಹೋಗುತ್ತದೆ. ಚೆಸ್ ಕಲಿಯುವಾಗ ಕುದುರೆ ಬಗ್ಗೆ ಎಲ್ಲರಿಗೂ ಹೇಳಿಕೊಡುವುದು ಇಷ್ಟೇ. ಐದು ನಿಮಿಷದ ಆಟದಲ್ಲಿ ಪ್ರತಿ ಸಲ ಹೀಗೆ ಎಣಿಸುತ್ತಾ ಕೂತರೆ ಟೈಮ್ ಮುಗಿದೇ ಹೋಗುತ್ತದೆ. ಅದಕ್ಕೆ ನಾನು ಮೊದಲು ಬಣ್ಣ ನೋಡುತ್ತೇನೆ.

ಕಪ್ಪು ಮನೆಯಲ್ಲಿರುವ ಕುದುರೆ ಬಿಳಿ ಮನೆಗೇ ಹೋಗಬೇಕು, ಬಿಳಿ ಮನೆಯಲ್ಲಿದ್ದರೆ ಕಪ್ಪಿಗೆ. ಇದರಲ್ಲಿ ವಿನಾಯಿತಿಯೇ ಇಲ್ಲ. ಹಾಗಾಗಿ ನನ್ನ ರಾಜ ಕಪ್ಪಿನಲ್ಲಿ, ರಾಣಿ ಬಿಳಿಯಲ್ಲಿ ಇದ್ದರೆ ಒಂದು ಕುದುರೆ ಇಬ್ಬರಿಗೂ ಒಟ್ಟಿಗೆ ಫೋರ್ಕ್ ಹಾಕಲು, ಅಂದ್ರೆ ಒಂದೇ ನಡೆಯಲ್ಲಿ ಇಬ್ಬರ ಮೇಲೂ ದಾಳಿ ಮಾಡಲು, ಸಾಧ್ಯವೇ ಇಲ್ಲ. ಇಬ್ಬರೂ ಕುದುರೆ ಈಗ ನಿಂತಿರುವ ಬಣ್ಣದಲ್ಲೇ ಇದ್ದಾಗ ಮಾತ್ರ ಮುಂದಿನ ನಡೆಗೆ ಹುಷಾರಾಗಿರಬೇಕು.

ಇದು ಕೈಗೆ ಹತ್ತಲು ನಾನು ಖಾಲಿ ಬೋರ್ಡ್ ಮೇಲೆ ಕುದುರೆಯನ್ನು ಒಂದು ಮನೆಗೆ ಒಂದೇ ಸಲದಂತೆ 64 ಮನೆಗೂ ಓಡಿಸುತ್ತಿದ್ದೆ. (ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರ್ ಇಂಥ ನಡಿಗೆಗಳನ್ನು ರಚಿಸಿದ್ದರು, ಅದೂ 19ನೇ ಶತಮಾನದಲ್ಲಿ!) ಮುಂದೆ ಹೋಗಲು ದಾರಿ ಕಡಿಮೆ ಇರುವ ಮನೆಗೆ ಮೊದಲು ಹೋಗು ಅನ್ನೋದು 1823ರಷ್ಟು ಹಳೆಯ ವಾರ್ನ್ಸ್‌ಡಾರ್ಫ್ ಸೂತ್ರ. ಅದನ್ನು ಹಿಡಿದರೆ ಸಾಮಾನ್ಯವಾಗಿ ಸಿಕ್ಕಿಕೊಳ್ಳುವುದಿಲ್ಲ. ಮೂಲೆಯಿಂದ ಕುದುರೆಗೆ ಎರಡೇ ದಾರಿ, ಮಧ್ಯದಿಂದ ಎಂಟು.

ಆಮೇಲೆ ದೂರ ಎಣಿಸಿ ನೋಡಿದೆ. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಇದೇ. ಕುದುರೆ ಡಿ4ರಲ್ಲಿದೆ (ಬಿಳಿ ಕಡೆಯಿಂದ ನೋಡಿದರೆ ಎಡದಿಂದ ನಾಲ್ಕನೇ, ಕೆಳಗಿನಿಂದ ನಾಲ್ಕನೇ ಮನೆ) ಅಂದುಕೊಳ್ಳಿ. ಓರೆಯಾಗಿ ಪಕ್ಕದಲ್ಲೇ ಇರುವ ಇ5ಕ್ಕೆ ಎರಡು ನಡೆ. ಅದೇ ಓರೆಯಲ್ಲಿ ಮೂರು ಮನೆ ಆಚೆ ಇರುವ ಜಿ7ಕ್ಕೂ ಎರಡೇ. ಆದರೆ ನಡುವಿನ ಎಫ್6ಕ್ಕೆ ಹೋಗಲು ನಾಲ್ಕು ನಡೆ ಬೇಕು! ಅಂದ್ರೆ ನನ್ನ ರಾಜ ಕುದುರೆಯಿಂದ ಓರೆಯಾಗಿ ಎರಡು ಮನೆ ದೂರದಲ್ಲಿ ನಿಂತರೆ, ಆ ಕುದುರೆ ಚೆಕ್ ಕೊಡಲು ಮೂರು ನಡೆ ಖರ್ಚು ಮಾಡಬೇಕು. ಟೈಮ್ ಕಡಿಮೆ ಇದ್ದಾಗ ನಾನು ಯೋಚನೆ ಮಾಡದೆ ರಾಜನನ್ನು ಅಲ್ಲಿಗೇ ತಳ್ಳುತ್ತೇನೆ.

ನನ್ನ ಕುದುರೆಗೆ ಬೇಕಾದ್ದು ಎದುರಾಳಿಯ ಕಾಲಾಳು ಓಡಿಸಲಾಗದ, ನನ್ನ ಕಾಲಾಳಿನ ಆಸರೆ ಇರುವ ಒಂದು ಮನೆ, ಆದಷ್ಟು ಮುಂದೆ. 1985ರ ವಿಶ್ವ ಚಾಂಪಿಯನ್‌ಶಿಪ್‌ನ 16ನೇ ಆಟ ನೋಡಿ. ಕಪ್ಪು ಕಾಯಿ ಆಡುತ್ತಿದ್ದ ಕಾಸ್ಪರೋವ್ ಎದುರಾಳಿಯ ಪಾಳಯದ ಡಿ3ರಲ್ಲಿ ಕೂರಿಸಿದ ಕುದುರೆ ಕಾರ್ಪೋವ್‌ಗೆ ಉಸಿರಾಡಲೂ ಬಿಡಲಿಲ್ಲ.

ಎಂಡ್‌ಗೇಮ್‌ನಲ್ಲಿ ಮಾತ್ರ ನಾನು ಕುದುರೆಯನ್ನು ಜಾಸ್ತಿ ನಂಬುವುದಿಲ್ಲ. ಆನೆ, ಒಂಟೆ ಒಂದೇ ನಡೆಯಲ್ಲಿ ತಲುಪುವ ಮನೆಗೆ ಬೇಕಂತಲೇ ಎರಡು ನಡೆಯಲ್ಲಿ ಹೋಗಿ ಸರದಿ ಬದಲಿಸಬಹುದು, ಅಂದ್ರೆ ಅದೇ ಸ್ಥಿತಿಯಲ್ಲಿ ನಡೆಸುವ ಸರದಿಯನ್ನು ಎದುರಾಳಿಗೆ ದಾಟಿಸಬಹುದು. ಕುದುರೆಗೆ ಅದು ಆಗುವುದಿಲ್ಲ, ಪ್ರತಿ ನಡೆಗೂ ಬಣ್ಣ ಬದಲಾಗುವ ನಿಯಮ ಅದಕ್ಕೆ ಅವಕಾಶ ಕೊಡುವುದಿಲ್ಲ. ಸರದಿ ಬದಲಿಸಬೇಕಾದರೆ ಆ ಕೆಲಸ ರಾಜನೋ ಕಾಲಾಳೋ ಮಾಡಬೇಕು. ಅದಕ್ಕೆ ಕಾಯಿ ಕಡಿಮೆಯಾಗುತ್ತಾ ಬಂದಂತೆ ನಾನು ಒಂದೆರಡು ಕಾಲಾಳು ನಡೆಗಳನ್ನು ಉಳಿಸಿಟ್ಟುಕೊಳ್ಳುತ್ತೇನೆ.