ಕರಪತ್ರ ಆಮೇಲೆ, ಮೊದಲು ಖರೀದಿ ಪಟ್ಟಿ

ಫೇರ್‌ಟ್ರೇಡ್, ಅಂದರೆ ಬೆಳೆಗಾರರಿಗೆ ನ್ಯಾಯವಾದ ಬೆಲೆ ಸಿಗುವಂಥ ವ್ಯಾಪಾರದ ಪ್ರಚಾರಕ್ಕೆ ಹೊಸದಾಗಿ ಬಂದವರು ನನ್ನನ್ನು ಮೊದಲು ಕೇಳುವುದು, ಬ್ಯಾನರ್ ಎಲ್ಲಿ ಮಾಡಿಸೋಣ ಅಂತ. ಬ್ಯಾನರ್ ಇರಲಿ ಬಿಡಿ. ನಿಮ್ಮ ಊರಲ್ಲಿ ಕಾಫಿಪುಡಿ, ಚಹಾ, ಸಕ್ಕರೆ, ಹತ್ತಿ ಬಟ್ಟೆಯನ್ನು ಸಗಟಾಗಿ ತರಿಸುವವರು ಯಾರು? ಕಚೇರಿಯ ಕ್ಯಾಂಟೀನು, ಕಾಲೇಜು ಹಾಸ್ಟೆಲು, ಆಸ್ಪತ್ರೆ, ಟೀ ಶರ್ಟು ಹೊಲಿಸುವ ಕ್ರೀಡಾ ಸಂಘ. ಅಲ್ಲಿ ಆರ್ಡರಿಗೆ ಸಹಿ ಹಾಕುವವರ ಹೆಸರು ಬರೆದುಕೊಳ್ಳಿ. ಬೀದಿಯಲ್ಲಿ ಒಬ್ಬರನ್ನು ಒಪ್ಪಿಸಿದರೆ ಒಂದು ಮನೆಯ ಪೊಟ್ಟಣ ಬದಲಾದೀತು. ಆ ಸಹಿಯವರು ಒಪ್ಪಿದರೆ ಇಡೀ ಕಟ್ಟಡದ ಚಹಾವೇ ಬದಲಾಗುತ್ತದೆ.

ಇಂಗ್ಲೆಂಡಿನ ಲ್ಯಾಂಕಾಶೈರಿನ ಗಾರ್‌ಸ್ಟಾಂಗ್ ಎಂಬ ಪುಟ್ಟ ಪಟ್ಟಣದಲ್ಲಿ ಬ್ರೂಸ್ ಕ್ರೌದರ್ ಮತ್ತು ಗೆಳೆಯರು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಊರಿನ ಮೇಯರ್, ಶಾಲೆಯ ಮುಖ್ಯಸ್ಥರು, ಚರ್ಚಿನವರು, ವ್ಯಾಪಾರಸ್ಥರನ್ನೆಲ್ಲ ಊಟಕ್ಕೆ ಕರೆದರು. ತಟ್ಟೆಯಲ್ಲಿ ಫೇರ್‌ಟ್ರೇಡ್ ಪದಾರ್ಥಗಳ ಜೊತೆ ಅಲ್ಲಿನ ರೈತರು ಬೆಳೆದದ್ದೂ ಇತ್ತು. 2000ದಲ್ಲಿ ಅದು ಜಗತ್ತಿನ ಮೊದಲ ಫೇರ್‌ಟ್ರೇಡ್ ಪಟ್ಟಣ ಎಂದು ಘೋಷಿಸಿಕೊಂಡಿತು. ‘ನಮ್ಮ ರೈತರ ಕಥೆ ಏನು?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆ ಊಟದಲ್ಲಿ ಅದಕ್ಕೆ ಉತ್ತರವೂ ಇತ್ತು.

ಖರೀದಿದಾರರ ಮುಂದೆ ಕೂರುವ ಮೊದಲು ಲೆಕ್ಕ ಬಾಯಿಗೆ ಬರಬೇಕು. ಪಲ್ಪಿಂಗ್ ಮಾಡಿ, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಅರೇಬಿಕಾ ಕಾಫಿಗೆ 2023ರ ಆಗಸ್ಟ್‌ನಲ್ಲಿ ಫೇರ್‌ಟ್ರೇಡ್ ಕನಿಷ್ಠ ಬೆಲೆಯನ್ನು ಒಂದು ಪೌಂಡ್ ತೂಕಕ್ಕೆ 1.80 ಡಾಲರಿಗೆ ಏರಿಸಿದರು. ಮಾರುಕಟ್ಟೆ ಅದಕ್ಕಿಂತ ಕೆಳಗೆ ಕುಸಿದರೂ ರೈತರ ಸಂಘಕ್ಕೆ ಕನಿಷ್ಠ ಬೆಲೆ ಕೊಡಲೇಬೇಕು. ಮೇಲೇರಿದರೆ ಮಾರುಕಟ್ಟೆಯ ಬೆಲೆಯೇ ಲೆಕ್ಕ. ಇದಲ್ಲದೆ ಪೌಂಡಿಗೆ 20 ಸೆಂಟ್ ಪ್ರೀಮಿಯಂ. ಅದರಲ್ಲಿ ಕನಿಷ್ಠ 5 ಸೆಂಟ್ ಇಳುವರಿ ಮತ್ತು ಗುಣಮಟ್ಟಕ್ಕೆ ಹೋಗಬೇಕು. ಉಳಿದದ್ದು ಶಾಲೆಗೋ, ರಸ್ತೆಗೋ, ಒಣಕಣಕ್ಕೋ ಎಂಬುದನ್ನು ಸಂಘದ ಸದಸ್ಯರೇ ಸಭೆ ಸೇರಿ ತೀರ್ಮಾನಿಸುತ್ತಾರೆ. ‘ಬಡವರಿಗೆ ಸಹಾಯ ಮಾಡಿ’ ಎಂಬ ಮಾತು ಬೇಡವೇ ಬೇಡ. ನೀವು ಚಂದಾ ಎತ್ತಲು ಹೋಗಿಲ್ಲ.

ಖರೀದಿದಾರರಿಂದ ಬರುವ ಪ್ರಶ್ನೆಗಳಲ್ಲಿ ಕಷ್ಟದ್ದು ಒಂದೇ: ‘ಪೊಟ್ಟಣದ ಮೇಲಿನ ಈ ಫೇರ್‌ಟ್ರೇಡ್ ಮುದ್ರೆಯನ್ನು ನಂಬಬಹುದಾ ಸರ್?’ ಇಲ್ಲಿ ಬಣ್ಣ ಹಚ್ಚಿ ಮಾತಾಡಿದರೆ ಮುಗಿಯಿತು, ಎರಡನೇ ಸಲ ಒಳಗೆ ಬಿಡುವುದಿಲ್ಲ. ಎಷ್ಟೋ ಸಂಘಗಳು ತಮ್ಮ ಫಸಲಿನ ಒಂದು ಭಾಗವನ್ನು ಮಾತ್ರ ಈ ಷರತ್ತಿನಲ್ಲಿ ಮಾರುತ್ತವೆ, ಮಿಕ್ಕದ್ದು ಮಾಮೂಲಿ ಬೆಲೆಗೇ ಹೋಗುತ್ತದೆ ಎಂದು ನೀವಾಗಿಯೇ ಹೇಳಿ. ಕೋಕೋ, ಸಕ್ಕರೆ, ಚಹಾ, ಹಣ್ಣಿನ ರಸದಲ್ಲಿ ಕಾರ್ಖಾನೆ ಹಂತದಲ್ಲಿ ಫೇರ್‌ಟ್ರೇಡ್ ಅಲ್ಲದ ಸರಕಿನ ಜೊತೆ ಬೆರೆಸಲು ಅವಕಾಶ ಇದೆ. ಕೊಂಡಷ್ಟು ಮತ್ತು ಮಾರಿದಷ್ಟು ತಾಳೆಯಾದರೆ ಸಾಕು. ಹಾಗಾಗಿ ನಿಮ್ಮ ಕೈಯಲ್ಲಿರುವ ಚಾಕೊಲೇಟಿನ ಕೋಕೋ ಫೇರ್‌ಟ್ರೇಡ್ ರೈತರದ್ದೇ ಎಂದು ಆಣೆ ಹಾಕಲಾಗದು, ಅಷ್ಟೇ ಪ್ರಮಾಣ ಅವರಿಂದ ಕೊಂಡದ್ದಂತೂ ಹೌದು. ಮುದ್ರೆಯ ಪಕ್ಕ ಸಣ್ಣ ಬಾಣದ ಗುರುತಿದ್ದರೆ ಪೊಟ್ಟಣದ ಹಿಂಬದಿ ಓದಿ, ವಿವರ ಅಲ್ಲಿರುತ್ತದೆ. ಕರಕುಶಲ ವಸ್ತುಗಳ ವಿಚಾರ ಬೇರೆ. ಅಲ್ಲಿ ಸಾಮಾನ್ಯವಾಗಿ ಕಾಣುವುದು ವಿಶ್ವ ಫೇರ್ ಟ್ರೇಡ್ ಸಂಸ್ಥೆಯ ಗುರುತು. ಅದು ವಸ್ತುವನ್ನಲ್ಲ, ತಯಾರಿಸುವ ಸಂಸ್ಥೆಯನ್ನೇ 10 ತತ್ವಗಳ ಮೇಲೆ ಅಳೆಯುತ್ತದೆ.

ಇಷ್ಟಾದ ಮೇಲೆ ಒಪ್ಪಿಸುವುದಕ್ಕಿಂತ ರುಚಿ ತೋರಿಸಿ. ಬೆಲೆ ಹೆಚ್ಚು ಎಂದರೆ ಎಲ್ಲವನ್ನೂ ಬದಲಿಸಲು ಹಟ ಹಿಡಿಯಬೇಡಿ. ಸಭೆಗಳ ಕಾಫಿ ಮಾತ್ರ ಬದಲಾಗಲಿ. ಅದೂ ಒಂದು ಗೆಲುವೇ.

ಸ್ಥಳೀಯ ಆಡಳಿತದ ನಿರ್ಣಯ, ಪತ್ರಿಕೆಯಲ್ಲಿ ಸುದ್ದಿ ಇವೆಲ್ಲ ಬೇಕು. ಆದರೆ ತೋರಿಸಲು ಎರಡು ಮೂರು ಕ್ಯಾಂಟೀನುಗಳಿದ್ದರೆ ತಾನಾಗಿ ಸಲೀಸಾಗುತ್ತದೆ. ಮೇ ತಿಂಗಳ ಎರಡನೇ ಶನಿವಾರ ವಿಶ್ವ ಫೇರ್ ಟ್ರೇಡ್ ದಿನ. ನಿಮ್ಮ ಬ್ಯಾನರ್ ಆಸೆಯನ್ನು ಅವತ್ತು ತೀರಿಸಿಕೊಳ್ಳಿ.

ಒಪ್ಪಿದವರಲ್ಲಿಗೆ ಎರಡನೇ ಆರ್ಡರಿನ ಹೊತ್ತಿಗೆ ಮತ್ತೆ ಹೋಗಿ. ಮೊದಲನೆಯದು ನಿಮ್ಮ ಮುಖ ನೋಡಿ ತರಿಸಿದ್ದೂ ಇರಬಹುದು. ಸರಬರಾಜು ತಡವಾಯಿತೇ, ಪುಡಿ ಸಪ್ಪೆ ಎಂದು ಯಾರಾದರೂ ಗೊಣಗಿದರೇ, ಕೇಳಿ ಬರೆದುಕೊಂಡು ಸರಬರಾಜುದಾರರಿಗೆ ಅಂದೇ ಫೋನ್ ಮಾಡಿ.