‘ಬೇಡ’ ಅಂದಿದ್ದು ‘ಬೀಟಾ’ ಆಯಿತು: ಮನೆಯಿಂದ ಮೀಟಿಂಗ್ ಮಾಡುವವರು ಎಐ ಬಳಸುವುದು ಹೇಗೆ

ಒಂದು ಗುರುವಾರ ಸಂಜೆ ಮೀಟಿಂಗ್‌ನಲ್ಲಿ ನಾನು ಹೇಳಿದ್ದು ಇಷ್ಟೇ: ‘ಫ್ರೈಡೇ ರಿಲೀಸ್ ಬೇಡ.’ ಮುಗಿದ ಸ್ವಲ್ಪ ಹೊತ್ತಿಗೆ ಎಐ ಬರೆದ ನೋಟ್ಸ್ ಎಲ್ಲರ ಮೇಲ್‌ಗೆ ಬಂತು. ನೋಡಿದರೆ ‘ಫ್ರೈಡೇ ರಿಲೀಸ್ ಬೀಟಾ’ ಅಂತಿದೆ! ಬೀಟಾ ಅಂದರೆ ಸಾಫ್ಟ್‌ವೇರ್‌ನ ಪ್ರಯೋಗದ ಆವೃತ್ತಿ. ಅದರ ಕೆಳಗೆ ಆಕ್ಷನ್ ಐಟಂ (ಮಾಡಬೇಕಾದ ಕೆಲಸ) ಬೇರೆ, ನನ್ನ ಹೆಸರಿಗೇ. ಮೀಟಿಂಗ್‌ಗೆ ಬಾರದ ಪುಣೆಯ ಹುಡುಗ ಅದನ್ನು ಓದಿ, ರಾತ್ರಿ ಕೂತು ಬೀಟಾ ಬಿಲ್ಡ್ ರೆಡಿ ಮಾಡಿಬಿಟ್ಟಿದ್ದ. ಪಾಪ, ಅವನದೇನು ತಪ್ಪು?

ನಾನು ಇರುವುದು ದಾವಣಗೆರೆ ವಿದ್ಯಾನಗರದಲ್ಲಿ. ಟೀಮ್‌ನವರು ಬೆಂಗಳೂರು, ಹುಬ್ಬಳ್ಳಿ, ಪುಣೆ ಅಂತ ಚೆಲ್ಲಾಪಿಲ್ಲಿ. ಆ ಗುರುವಾರದ ನಂತರವೂ ನಾವು ಎಐ ನೋಟ್ಸ್ ಬಿಡಲಿಲ್ಲ, ಯಾಕಂದರೆ ಅದಕ್ಕೂ ಮುಂಚೆ ನೋಟ್ಸ್ ಬರೆಯುವ ಸರದಿ ಬಂದರೆ ಎಲ್ಲರ ಮೈಕೂ ಮ್ಯೂಟ್ ಆಗುತ್ತಿತ್ತು. ಬಳಸುವ ರೀತಿ ಬದಲಾಯಿಸಿಕೊಂಡೆವು, ಅಷ್ಟೇ.

ಮೊದಲು ಸದ್ದು ಸರಿ ಮಾಡಿಕೊಳ್ಳಿ. ಮೆಷಿನ್‌ಗೆ ಕೇಳಿಸಿದ್ದೇ ತಪ್ಪಾದರೆ ಬರೆಯುವುದೂ ತಪ್ಪೇ. ಜೂಮ್‌ನಲ್ಲಿ ಆಡಿಯೋ ಸೆಟ್ಟಿಂಗ್ಸ್‌ಗೆ ಹೋದರೆ ‘ಬ್ಯಾಕ್‌ಗ್ರೌಂಡ್ ನಾಯ್ಸ್ ಸಪ್ರೆಶನ್’ ಅಂತ ಇದೆ, ಮೈಕ್ರೋಸಾಫ್ಟ್‌ನ ಮೀಟಿಂಗ್ ಆ್ಯಪ್ ಟೀಮ್ಸ್‌ನಲ್ಲೂ ಅಂಥದ್ದೇ ಒಂದಿದೆ. ಇವು ಮನುಷ್ಯರ ದನಿಯಿಂದ ಉಳಿದ ಗಲಾಟೆಯನ್ನು ಬೇರ್ಪಡಿಸಲು ಕಲಿತ ಎಐ ಮಾಡೆಲ್‌ಗಳು. ಕುಕ್ಕರ್ ವಿಸಿಲ್, ಮಿಕ್ಸಿ, ಫ್ಯಾನು ಎಲ್ಲ ಮಾಯ. ಆದರೆ ಬೆಳಿಗ್ಗೆ ನಮ್ಮ ರಸ್ತೆಯಲ್ಲಿ ತರಕಾರಿ ಗಾಡಿಯವರು ಮೈಕ್‌ನಲ್ಲಿ ರೆಕಾರ್ಡಿಂಗ್ ಹಾಕಿಕೊಂಡು ಬರುತ್ತಾರಲ್ಲ, ಅದೂ ಮನುಷ್ಯರ ದನಿಯೇ ಅಲ್ವಾ? ಅದು ಹೋಗುವುದಿಲ್ಲ. ಒಂದು ಸಲ ನನ್ನ ಸ್ಟೇಟಸ್ ಅಪ್‌ಡೇಟ್ ಮಧ್ಯೆ ಟೊಮ್ಯಾಟೊ ರೇಟು ನೋಟ್ಸ್‌ಗೆ ಸೇರಿತ್ತು.

ಇದಕ್ಕೆ ಟೀಮ್ಸ್‌ನಲ್ಲಿ ‘ವಾಯ್ಸ್ ಐಸೊಲೇಶನ್’ ಇದೆ. ಅದು ತೋರಿಸಿದ್ದನ್ನು ಓದಿ ನಿಮ್ಮ ದನಿಯ ಗುರುತು ಕೊಟ್ಟರೆ, ಆಮೇಲೆ ನಿಮ್ಮೊಬ್ಬರ ದನಿಯನ್ನೇ ಹಿಡಿಯಲು ನೋಡುತ್ತದೆ. ಮ್ಯಾಕ್ ಇರುವವರಿಗೆ ಅದೇ ಹೆಸರಿನ ಮೈಕ್ ಮೋಡ್ ಇದೆ. ಒಂದು ಎಚ್ಚರಿಕೆ: ಹೀಗೆ ಸದ್ದು ಕಡಿಮೆ ಮಾಡುವ ಎರಡೆರಡು ಆ್ಯಪ್‌ಗಳನ್ನು ಒಟ್ಟಿಗೆ ಆನ್ ಮಾಡಬೇಡಿ, ಬಿಂದಿಗೆಯೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಕೇಳಿಸುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಲ್ಯಾಪ್‌ಟಾಪ್ ಮೈಕ್‌ಗಿಂತ ವೈರ್ ಇರುವ ಸಾದಾ ಇಯರ್‌ಫೋನೇ ವಾಸಿ, ಬಾಯಿಗೆ ಹತ್ತಿರ ಇರುತ್ತದೆ ನೋಡಿ. ಆನ್‌ಲೈನ್‌ನಲ್ಲಿ ಸಂಗೀತ ಹೇಳಿಕೊಡುವವರು ಮಾತ್ರ ಇದನ್ನೆಲ್ಲ ಬಂದ್ ಮಾಡಿ ಜೂಮ್‌ನ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಶಿಯನ್ಸ್’ ಹಾಕಿಕೊಳ್ಳಿ. ಇಲ್ಲಾಂದ್ರೆ ಎಐ ತಂಬೂರಿಯನ್ನೂ ಫ್ಯಾನ್ ಸದ್ದು ಅಂದುಕೊಳ್ಳುತ್ತದೆ.

ನೆಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕರೆಂಟ್ ಹೋದರೂ ವೈಫೈ ಇರಲಿ ಅಂತ ರೂಟರ್‌ಗೆ ಒಂದು ಮಿನಿ ಯುಪಿಎಸ್ ಹಾಕಿಸಿ. ಎಷ್ಟು ವೋಲ್ಟ್ ಬೇಕು ಅನ್ನುವುದು ಅಡಾಪ್ಟರ್ ಮೇಲೇ ಬರೆದಿರುತ್ತದೆ, ಹೆಚ್ಚಾಗಿ 12. ನೆಟ್ ಸೊರಗಿದರೆ ಮುಲಾಜಿಲ್ಲದೆ ವಿಡಿಯೋ ಬಂದ್ ಮಾಡಿ. ಜೂಮ್ ಹೇಳುವ ಪ್ರಕಾರ ಬರೀ ಮಾತಿಗೆ 60ರಿಂದ 80 ಕೆಬಿಪಿಎಸ್ (ನೆಟ್ ವೇಗದ ಅಳತೆ) ಸಾಕು. ಮಧ್ಯೆ ಉದುರಿಹೋದ ಸದ್ದನ್ನು ಎಐ ಊಹಿಸಿ ತುಂಬುವುದೂ ಉಂಟು. 2020ರಲ್ಲಿ ಗೂಗಲ್ ತನ್ನ ವಿಡಿಯೋ ಕಾಲ್ ಆ್ಯಪ್ ಡ್ಯುಯೋದಲ್ಲಿ ಇದನ್ನು ತಂದಿತ್ತು. ಅದು ತುಂಬುತ್ತಿದ್ದುದು ಹೆಚ್ಚೆಂದರೆ 120 ಮಿಲಿಸೆಕೆಂಡ್, ಅಂದರೆ ಒಂದು ಅಕ್ಷರದಷ್ಟು ಅನ್ನಿ. ಅದಕ್ಕೇ ನಂಬರ್, ತಾರೀಖು ಹೇಳುವಾಗ ದನಿ ಕಟ್ ಆಯಿತು ಅನ್ನಿಸಿದರೆ ಇನ್ನೊಮ್ಮೆ ಹೇಳಿಬಿಡಿ.

ಇನ್ನು ನೋಟ್ಸ್. ನೋಟ್ಸ್ ಬರೆಯುವ ಜೂಮ್‌ನ ಎಐ ಕಂಪ್ಯಾನಿಯನ್ 2023ರ ಸೆಪ್ಟೆಂಬರ್‌ನಲ್ಲಿ ಬಂತು. ಗೂಗಲ್ ಮೀಟ್‌ನಲ್ಲಿ ಜೆಮಿನಿ ಇದೆ, ಟೀಮ್ಸ್‌ನಲ್ಲಿ ಕೋಪೈಲಟ್. ಆಫೀಸಿನವರು ದುಡ್ಡು ಕೊಟ್ಟು ಯಾವುದನ್ನು ತಗೊಂಡಿದ್ದಾರೋ ಅದನ್ನೇ ಬಳಸಿ. ಇವುಗಳಲ್ಲಿ ಯಾವುದು ಮೇಲು ಅಂತ ತಲೆ ಕೆಡಿಸಿಕೊಳ್ಳುವ ಬದಲು, ನಾವು ಮಾತಾಡುವ ರೀತಿಯಲ್ಲಿ ಏನು ಎಡವಟ್ಟಿದೆ ಅಂತ ನೋಡಿಕೊಂಡರೆ ಹೆಚ್ಚು ಲಾಭ.

ನಮ್ಮ ಮೀಟಿಂಗ್ ಭಾಷೆ ನಿಮಗೆ ಗೊತ್ತಿರುವುದೇ. ‘ಆ ಎಪಿಐ ಚೇಂಜ್ ನಾಳೆ ಡಿಪ್ಲಾಯ್ ಮಾಡೋದಾ ಬೇಡ್ವಾ?’ ಇದರಲ್ಲಿ ಇಂಗ್ಲಿಷ್ ಪದಗಳೆಲ್ಲ ಮುಂದೆ ಬಂದವು, ಹೌದು ಅಲ್ಲ ಅನ್ನುವುದು ಮಾತ್ರ ಕೊನೆಯಲ್ಲಿ, ಅದೂ ಕನ್ನಡದಲ್ಲಿ. ಭಾಷೆ ಇಂಗ್ಲಿಷ್ ಅಂತ ಸೆಟ್ ಆಗಿರುವ ಮೆಷಿನ್ ‘ಎಪಿಐ’, ‘ಡಿಪ್ಲಾಯ್’ ಎರಡನ್ನೂ ಸರಿಯಾಗಿ ಹಿಡಿಯುತ್ತದೆ. ಆಮೇಲೆ ಬಂದ ಕನ್ನಡವನ್ನು ಬಿಟ್ಟುಬಿಡುತ್ತದೆ, ಇಲ್ಲವೇ ಹತ್ತಿರದ ಇಂಗ್ಲಿಷ್ ಪದಕ್ಕೆ ಜೋಡಿಸುತ್ತದೆ. ಸಾಫ್ಟ್‌ವೇರ್ ಮೀಟಿಂಗ್‌ನಲ್ಲಿ ‘ಬೇಡ’ಗೆ ‘ಬೀಟಾ’ಗಿಂತ ಹತ್ತಿರದ ಪದ ಇನ್ನೇನು ಸಿಕ್ಕೀತು!

ಹಾಗಂತ ಕನ್ನಡ ಬಿಟ್ಟು ಮಾತಾಡಿ ಅಂತ ನಾನು ಹೇಳುತ್ತಿಲ್ಲ. ಚರ್ಚೆ, ಜಗಳ ಎಲ್ಲ ಕನ್ನಡದಲ್ಲೇ ನಡೆಯಲಿ. ಕೊನೆಯ ಮೂರು ನಿಮಿಷ ಮಾತ್ರ ಒಬ್ಬರು ತೀರ್ಮಾನಗಳನ್ನು ಇಂಗ್ಲಿಷ್‌ನಲ್ಲಿ, ಪೂರ್ತಿ ವಾಕ್ಯದಲ್ಲಿ, ನಿಧಾನಕ್ಕೆ ಹೇಳಬೇಕು. ‘ವಿ ವಿಲ್ ನಾಟ್ ರಿಲೀಸ್ ಆನ್ ಫ್ರೈಡೇ. ದ ನ್ಯೂ ಡೇಟ್ ಈಸ್ ಟ್ಯೂಸ್‌ಡೇ.’ ಹೀಗೆ. ‘ಅವನು ನೋಡ್ಕೋತಾನೆ’ ಅನ್ನಬೇಡಿ, ಆ ‘ಅವನು’ ಯಾರು ಅಂತ ಮೆಷಿನ್‌ಗೆ ಏನು ಗೊತ್ತು? ಹೆಸರು ಹೇಳಿ. ‘ನಾಳೆ’ಗೆ ತಾರೀಖು ಸೇರಿಸಿ. ಮೊದಮೊದಲು ರೈಲ್ವೆ ಸ್ಟೇಷನ್ ಅನೌನ್ಸ್‌ಮೆಂಟ್ ಮಾಡಿದ ಹಾಗೆ ಅನ್ನಿಸಿ ನಗು ಬರುತ್ತದೆ. ನಮಗೆ ಒಂದು ವಾರದಲ್ಲಿ ಅಭ್ಯಾಸ ಆಯಿತು.

ಆಮೇಲೆ ನೋಟ್ಸ್ ತಾನಾಗಿಯೇ ಎಲ್ಲರಿಗೂ ಹೋಗುವುದನ್ನು ನಿಲ್ಲಿಸಿ. ಜೂಮ್‌ನಲ್ಲಿ ಹೋಸ್ಟ್‌ಗೆ, ಅಂದರೆ ಮೀಟಿಂಗ್ ನಡೆಸುವವರಿಗೆ, ಮಾತ್ರ ಬರುವ ಹಾಗೆ ಸೆಟ್ ಮಾಡಬಹುದು. ಹೋಸ್ಟ್ ಎಲ್ಲವನ್ನೂ ಓದಬೇಕಿಲ್ಲ, ‘ನಾಟ್’ ಇರುವ ಕಡೆ, ನಂಬರ್ ಇರುವ ಕಡೆ, ಹೆಸರು ಇರುವ ಕಡೆ ಕಣ್ಣಾಡಿಸಿ ಕಳಿಸಿದರೆ ಆಯಿತು. ತಡವಾಗಿ ಸೇರಿದವರು ‘ಏನಾಯ್ತು, ಏನಾಯ್ತು’ ಅಂತ ಎಲ್ಲರನ್ನೂ ನಿಲ್ಲಿಸುವ ಬದಲು ಅಲ್ಲೇ ಎಐಯನ್ನು ಕೇಳಿಕೊಳ್ಳಬಹುದು. ಕೇಳುವಾಗ ಸುಮ್ನೆ ‘ಸಮ್ಮರಿ ಕೊಡು’ ಅನ್ನಬೇಡಿ, ‘ಇಲ್ಲಿಯವರೆಗೆ ಏನು ತೀರ್ಮಾನ ಆಯಿತು, ಯಾರು ಏನು ಹೇಳಿದರು’ ಅಂತ ಕೇಳಿ.

ಪೂರ್ತಿ ಕನ್ನಡದಲ್ಲೇ ಮೀಟಿಂಗ್ ಮಾಡುವವರಿಗೆ, ಉದಾಹರಣೆಗೆ ಸಂಘದವರಿಗೆ, ಬೇರೆ ದಾರಿ ಇದೆ. ಮಾತನ್ನು ಬರಹಕ್ಕಿಳಿಸುವ, ಓಪನ್‌ಎಐ 2022ರಲ್ಲಿ ಬಿಟ್ಟ ವಿಸ್ಪರ್ ಅನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ಉಚಿತವಾಗಿ ಓಡಿಸಬಹುದು, ಅದರ ಭಾಷೆಗಳಲ್ಲಿ ಕನ್ನಡವೂ ಇದೆ. ಇಂಗ್ಲಿಷ್‌ನಷ್ಟು ಚೆನ್ನಾಗಿ ಬರುವುದಿಲ್ಲ, ಕೈಯಿಂದ ತಿದ್ದಲೇಬೇಕು. ರೆಕಾರ್ಡಿಂಗ್ ಮನೆ ಬಿಟ್ಟು ಹೊರಗೆ ಹೋಗುವುದಿಲ್ಲ ಅನ್ನುವುದು ಇದರ ದೊಡ್ಡ ಅನುಕೂಲ.

ಮೊದಲೇ ಹೇಳದೆ ಯಾರ ಮಾತನ್ನೂ ರೆಕಾರ್ಡ್ ಮಾಡಬೇಡಿ. ಸಂಬಳ, ರಾಜೀನಾಮೆ, ಕಾಯಿಲೆ ವಿಷಯ ಬಂದರೆ ನೋಟ್ಸ್ ಬಂದ್. ಗೊತ್ತಿಲ್ಲದ ‘ನೋಟ್‌ಟೇಕರ್’ ಬಾಟ್ (ತಾನಾಗಿ ಮೀಟಿಂಗ್ ಸೇರಿ ನೋಟ್ಸ್ ಬರೆಯುವ ಪ್ರೋಗ್ರಾಂ) ಒಂದು ವೇಟಿಂಗ್ ರೂಮ್‌ನಲ್ಲಿ ನಿಂತಿದ್ದರೆ, ಯಾರದು ಅಂತ ಗೊತ್ತಾಗುವವರೆಗೆ ಹೊರಗೇ ಇರಲಿ.

ಕೊನೆಯದು ದುಡ್ಡಿನ ವಿಷಯ. ಅರಪ್ ಅನ್ನುವ ದೊಡ್ಡ ಇಂಜಿನಿಯರಿಂಗ್ ಕಂಪನಿಯ ಹಾಂಗ್‌ಕಾಂಗ್ ಉದ್ಯೋಗಿಯೊಬ್ಬರು ವಿಡಿಯೋ ಕಾಲ್‌ನಲ್ಲಿ ಕಂಡ ಮೇಲಧಿಕಾರಿಯ ಮಾತು ನಂಬಿ ಸುಮಾರು 20 ಕೋಟಿ ಹಾಂಗ್‌ಕಾಂಗ್ ಡಾಲರ್ ಕಳಿಸಿದ್ದರು. 2024ರಲ್ಲಿ ಸುದ್ದಿ ಹೊರಗೆ ಬಂತು. ಕಾಲ್‌ನಲ್ಲಿದ್ದ ಆ ಮುಖಗಳು ಎಐ ಮಾಡಿದ ನಕಲು. ಹಾಗಾಗಿ ಬಾಸ್ ಮುಖವೇ ಸ್ಕ್ರೀನ್ ಮೇಲೆ ಬಂದು ‘ಅರ್ಜೆಂಟ್, ಈಗಲೇ ಟ್ರಾನ್ಸ್‌ಫರ್ ಮಾಡು’ ಅಂದರೂ ‘ಒಂದ್ ನಿಮಿಷ ಸರ್, ನೆಟ್ ಸರಿ ಇಲ್ಲ’ ಅಂತ ಕಟ್ ಮಾಡಿ. ಆಮೇಲೆ ನಿಮ್ಮ ಫೋನ್‌ನಲ್ಲಿ ಮೊದಲಿಂದ ಸೇವ್ ಆಗಿರುವ ಅವರ ನಂಬರ್‌ಗೆ ನೀವೇ ಫೋನ್ ಮಾಡಿ ಕೇಳಿ.